ಪೆರಡಾಲದ ಮಾಷ್ಟ್ರು ಮಕ್ಕಳಿಗೆ ಕಟ್ಟಿಕೊಟ್ಟ ಕನ್ನಡ

ಸ್ವಾತಂತ್ರ್ಯ ದಿನದ ಬೆಳಿಗ್ಗೆ ಕನ್ನಡ ಶಾಲೆಗಳ ಅಂಗಳದಲ್ಲಿ ಮಕ್ಕಳು ಒಕ್ಕೊರಲಿನಿಂದ ಹಾಡುವ ಬಾವುಟದ ಹಾಡು ನಮಗೆಲ್ಲ ಬಾಯಿಪಾಠ. ಬರೆದವರ ಹೆಸರು ಮಾತ್ರ ಅನೇಕರಿಗೆ ಗೊತ್ತಿಲ್ಲ. ಅವರು ಕಯ್ಯಾರ ಕಿಞ್ಞಣ್ಣ ರೈ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿ ಪೆರಡಾಲದಲ್ಲಿ ಬಾಳಿ, ನೂರು ವರ್ಷ ತುಂಬಿಸಿ, 2015ರ ಆಗಸ್ಟ್‌ನಲ್ಲಿ ತೀರಿಕೊಂಡ ಕವಿ. ಹೋರಾಟಗಾರರಾಗಿ ಅವರನ್ನು ನಾಡು ನೆನೆಯುತ್ತದೆ. ಮಕ್ಕಳ ಸಾಹಿತಿಯಾಗಿ ನೆನೆಯುವುದು ಕಡಿಮೆ.

ಆ ಹಾಡನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಮೂರು ಮೂರು ಮಾತ್ರೆಯ ಗಣಗಳಲ್ಲಿ ಅದು ಸಾಗುತ್ತದೆ. ಹಾಡುತ್ತಲೇ ಹೆಜ್ಜೆ ಹಾಕಬಹುದು. ಮೊದಲಿಗೆ ಬರುವುದು ಬಾವುಟ ಮೇಲೇರುವ, ಗಾಳಿಗೆ ಹಾರಾಡುವ ನೋಟ. ದೊಡ್ಡ ಮಾತುಗಳು ಆಮೇಲೆ. ಕಂಬದ ಬುಡದಲ್ಲಿ ನಿಂತ ಮಗು ಕತ್ತೆತ್ತಿ ಏನು ಕಾಣುತ್ತದೋ ಅದರಿಂದಲೇ ಕವಿ ಶುರುಮಾಡುತ್ತಾರೆ. ಒಳ್ಳೆಯ ಚಿತ್ರಪುಸ್ತಕ ಮಾಡುವವರ ಕ್ರಮವೂ ಇದೇ: ಕಣ್ಣಿಗೆ ಮೊದಲು, ಬುದ್ಧಿಗೆ ಆಮೇಲೆ.

ಇದು ತರಗತಿಯಲ್ಲಿ ಕಲಿತ ವಿದ್ಯೆ. 1915ರ ಜೂನ್ 8ರಂದು ಹುಟ್ಟಿದ ಕಯ್ಯಾರರ ಮನೆಮಾತು ತುಳು. ನೀರ್ಚಾಲಿನ ಮಹಾಜನ ಸಂಸ್ಕೃತ ಕಾಲೇಜಿನಲ್ಲಿ ಕನ್ನಡ, ಸಂಸ್ಕೃತ ಓದಿದರು. ಹನ್ನೆರಡರ ಹರೆಯದಲ್ಲೇ ‘ಸುಶೀಲಾ’ ಎಂಬ ಕೈಬರಹದ ಪತ್ರಿಕೆ ತಂದರು. ಮುಂದೆ ಪೆರಡಾಲದಲ್ಲಿ ಅಧ್ಯಾಪಕರಾದರು. 1969ರಲ್ಲಿ ರಾಷ್ಟ್ರ ಮಟ್ಟದ ಶಿಕ್ಷಕ ಪ್ರಶಸ್ತಿ ಬಂತು. ಅವರೆದುರು ಕೂರುತ್ತಿದ್ದ ಮಕ್ಕಳಲ್ಲಿಯೂ ಮನೆಯಲ್ಲಿ ತುಳು, ಮರಾಠಿ, ಕೊಂಕಣಿ, ಬ್ಯಾರಿ, ಮಲಯಾಳ ಆಡುವವರಿದ್ದರು. ಇಂಥ ಮಕ್ಕಳಿಗೆ ಬರಹದ ಕನ್ನಡ ಎದುರಾಗುವುದು ಶಾಲೆಯಲ್ಲಿ. ಅದು ಪರಕೀಯ ಅನ್ನಿಸದಂತೆ ಮಾಡಬೇಕಾದರೆ ಲಯ ಬೇಕು, ಸಣ್ಣ ವಾಕ್ಯ ಬೇಕು, ಕಣ್ಣೆದುರಿನ ವಸ್ತು ಬೇಕು.

ಆ ಅಗತ್ಯಕ್ಕೆ ಅವರು ಪುಸ್ತಕಗಳಿಂದಲೇ ಉತ್ತರ ಕೊಟ್ಟರು. ‘ಮಕ್ಕಳ ಪದ್ಯಮಂಜರಿ’ ಎರಡು ಭಾಗಗಳಲ್ಲಿ ಬಂತು. ‘ನವೋದಯ ವಾಚನಮಾಲೆ’ಯ ಎಂಟು ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿದರು. ವ್ಯಾಕರಣ, ಪ್ರಬಂಧಗಳಿಗೆ ಬೇರೆ ಮೂರು ಭಾಗ. ‘ಶ್ರೀಮುಖ’, ‘ಪುನರ್ನವ’, ‘ಕೊರಗ’ದಂಥ ಸಂಕಲನಗಳ ಕವಿ ಪಾಠಪುಸ್ತಕದ ಕೆಲಸವನ್ನು ಕೀಳೆಂದು ತಿಳಿಯಲಿಲ್ಲ.

ಅವರ ಹಿಂದೆ ದಕ್ಷಿಣ ಕನ್ನಡದ ಒಂದು ಪರಂಪರೆಯೇ ಇತ್ತು. ಕಾಸರಗೋಡು ಆಗ ಅದೇ ಜಿಲ್ಲೆಯ ಭಾಗ. ಶಿಕ್ಷಣ ಇಲಾಖೆಯಲ್ಲಿ ದುಡಿದ ಪಂಜೆ ಮಂಗೇಶರಾಯರು ಶಿಶುಗೀತೆ, ಕತೆಗಳನ್ನು ಬರೆದರು. ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದರು. ಮಕ್ಕಳ ಪುಸ್ತಕವೆಂದರೆ ನಾಡು ಕಟ್ಟುವ ಕೆಲಸ ಎಂಬ ನಂಬಿಕೆ ಈ ಮೂವರದ್ದೂ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದರ ವಿರುದ್ಧದ ಚಳವಳಿಯಲ್ಲಿ ಕಯ್ಯಾರರ ದನಿ ಎಲ್ಲರಿಗೂ ಕೇಳಿಸಿತು. ಆದರೂ ಮಲಯಾಳದ ಮೇಲೆ ಅವರಿಗೆ ಹಗೆಯಿರಲಿಲ್ಲ. ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು, ತುಳುವಿನಲ್ಲೂ ಬರೆದರು. 1997ರಲ್ಲಿ ಮಂಗಳೂರಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು. ಆತ್ಮಕಥೆಗೆ ಅವರು ಕೊಟ್ಟ ಹೆಸರು ‘ದುಡಿತವೆ ನನ್ನ ದೇವರು’.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಈಗಲೂ ನಡೆಯುತ್ತಿವೆ, ಕೇರಳದ ಪಠ್ಯಕ್ರಮದ ಪುಸ್ತಕಗಳು ಕನ್ನಡದಲ್ಲೂ ಅಚ್ಚಾಗುತ್ತವೆ. ಆದರೆ ಪರೀಕ್ಷೆಗೆ ಓದುವ ಪುಸ್ತಕವೊಂದರಿಂದಲೇ ಭಾಷೆಯ ಮೇಲೆ ಪ್ರೀತಿ ಹುಟ್ಟದು. ಸುಮ್ಮನೆ ಮಡಿಲಲ್ಲಿಟ್ಟು ಪುಟ ಮಗುಚುವ, ಚಿತ್ರ ನೋಡುತ್ತ ಅಕ್ಷರ ಕೂಡಿಸುವ ಪುಸ್ತಕವೂ ಮಗುವಿನ ಕೈಗೆ ಸಿಗಬೇಕು. ಕಯ್ಯಾರರ ಮಕ್ಕಳ ಪದ್ಯಗಳು ಅದಕ್ಕೆ ಹೇಳಿ ಮಾಡಿಸಿದಂತಿವೆ. ಗುಡ್ಡ, ಬಯಲು, ಕಡಲುಗಳನ್ನು ಬಣ್ಣಕ್ಕಿಳಿಸಿದ ಪಿ.ಎಸ್. ಪುಣಿಂಚತ್ತಾಯರಂಥ ಕಲಾವಿದರನ್ನು ಕೊಟ್ಟ ನೆಲ ಇದು; ಚಿತ್ರ ಬರೆಯುವ ಕೈಗಳಿಗೆ ಇಲ್ಲಿ ಬರವಿಲ್ಲ. ಪದ್ಯಕ್ಕೊಂದು ಪುಟ, ಪುಟ ತುಂಬ ಊರಿನದೇ ಚಿತ್ರ ಇರುವ ಪುಸ್ತಕ ಬರಲಿ. ಅಕಾಡೆಮಿಗಳು, ಕನ್ನಡ ಸಂಘಗಳು ಕವಿಯ ಹೆಸರಿನಲ್ಲಿ ಸಭೆ ನಡೆಸುವ ಜೊತೆಗೆ ಈ ಕೆಲಸಕ್ಕೂ ಕೈಹಾಕಲಿ. ದುಡಿತವನ್ನೇ ದೇವರೆಂದ ಮಾಷ್ಟ್ರಿಗೆ ಸಲ್ಲುವ ಗೌರವ ಅದು.