ಲಿಯಾನಿನ ಕಾಸು, ದೇಶನೂರಿನ ಕಾವಿ

ಕಡಲಾಚೆಯ ಕಾಣಿಕೆ ಡಬ್ಬಿಗೂ ಮಲಪ್ರಭೆಯ ದಂಡೆಗೂ ನಾಲ್ಕು ಶತಮಾನದ ನಂಟು. ಮಿಷನ್ ಹಣ ಯಾರ ಕಿಸೆಯಿಂದ ಬಂತು, ಬರುವಾಗ ಯಾವ ಕತೆ ಹೇಳಿಸಿತು?

ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಒಂದು ವಿರಕ್ತ ಮಠವಿದೆ. ಅಲ್ಲಿರುವವರು ಕಾವಿ ಉಡುತ್ತಾರೆ, ಮಾಂಸ ಮುಟ್ಟುವುದಿಲ್ಲ, ಜನ ಅವರನ್ನು ಸ್ವಾಮಿಗಳೆಂದೇ ಕರೆಯುತ್ತಾರೆ. ಹೊಸಬರಿಗೆ ಇದು ನಮ್ಮ ಸೀಮೆಯ ನೂರಾರು ಮಠಗಳಲ್ಲಿ ಮತ್ತೊಂದು ಅನ್ನಿಸಬೇಕು. ಆದರೆ ಅವರು ಯೇಸುಸಭೆಯ, ಅಂದರೆ ಜೆಸುಯಿಟ್ ಪಂಗಡದ, ಕ್ಯಾಥೊಲಿಕ್ ಪಾದ್ರಿಗಳು. 2019ರಲ್ಲಿ ಬೆಳಗಾವಿಯ ಬಿಷಪ್ ಡೆರೆಕ್ ಫರ್ನಾಂಡಿಸ್ ಅಲ್ಲಿ ಕಾವಿ ಹೊದ್ದ ಫೋಟೊ ಮೊಬೈಲುಗಳಲ್ಲಿ ಹರಿದಾಡಿದಾಗ ಹೆಚ್ಚು ಸಿಟ್ಟಾದವರು ಕ್ಯಾಥೊಲಿಕರೇ. ನಮ್ಮ ಬಿಷಪ್ಪರಿಗೆ ಇದೇನು ವೇಷ ಎಂದರು. ಅತ್ತ ಹೊರಗಿನವರಿಗೆ ಮಿಷನರಿಯ ಕಾವಿ ಎಂದರೆ ಮೊದಲಿನಿಂದಲೂ ಅನುಮಾನ.

ಬಟ್ಟೆಯ ಮೇಲೆ ಇಷ್ಟೊಂದು ಜಗಳ ನಡೆಯಿತು, ಊಟದ ಮಾತು ಯಾರೂ ಎತ್ತಲಿಲ್ಲ. ಮಿಷನರಿ ಯಾರ ದುಡ್ಡಿನಲ್ಲಿ ಉಣ್ಣುತ್ತಾನೆ ಎಂಬುದು ಗೊತ್ತಾದರೆ ಅವನು ಯಾರ ಕಡೆ ಮುಖ ಮಾಡಿ ಮಾತಾಡುತ್ತಾನೆ ಎಂಬುದೂ ಗೊತ್ತಾಗುತ್ತದೆ. ಮಿಷನ್ ಹಣದ ಚರಿತ್ರೆಯನ್ನು ಹಾಗೆ ಓದಿದರೆ ಅದು ಲೆಕ್ಕಪತ್ರಕ್ಕಿಂತ ಹೆಚ್ಚಾಗಿ ಕತೆ ಹೇಳುವವರ ಮತ್ತು ಕತೆ ಕೇಳಿ ಕಾಸು ಹಾಕುವವರ ಚರಿತ್ರೆ.

ರಾಜನ ಸಂಬಳ, ಕಾರ್ಡಿನಲ್ಲರ ಉಂಗುರ

ಮೊದಮೊದಲು ಇದರಲ್ಲಿ ಸಾಮಾನ್ಯ ಜನರಿಗೆ ಕೆಲಸವೇ ಇರಲಿಲ್ಲ. ಪೂರ್ವ ದೇಶಗಳಲ್ಲಿ ಚರ್ಚುಗಳನ್ನು ಸಾಕುವ ಹೊಣೆ ಪೋರ್ಚುಗಲ್ ದೊರೆಯದು. ಅದಕ್ಕೆ ಬದಲಾಗಿ ಬಿಷಪ್ಪರನ್ನು ಆರಿಸುವ ಹಕ್ಕೂ ಅವನದೇ. 'ಪದ್ರುವಾದು' ಎಂದು ಕರೆಯುತ್ತಿದ್ದ ಈ ಏರ್ಪಾಡಿನಲ್ಲಿ ಪಾದ್ರಿ ಒಂದು ರೀತಿಯಲ್ಲಿ ಸರ್ಕಾರಿ ನೌಕರ. ದೊರೆಯ ಹಿಡಿತ ತಪ್ಪಿಸಬೇಕೆಂದು ರೋಮ್ 1622ರಲ್ಲಿ 'ಪ್ರೊಪಗಾಂಡಾ ಫಿದೆ' ಎಂಬ ತನ್ನದೇ ಕಚೇರಿ ತೆರೆಯಿತು. ಖರ್ಚಿಗೆ ಹೂಡಿದ ಉಪಾಯ ಸ್ವಾರಸ್ಯವಾಗಿದೆ: ಹೊಸದಾಗಿ ಕಾರ್ಡಿನಲ್ ಆದ ಪ್ರತಿಯೊಬ್ಬರೂ ತಮ್ಮ ಉಂಗುರದ ಲೆಕ್ಕದಲ್ಲಿ 500 ಚಿನ್ನದ ನಾಣ್ಯ ಕಟ್ಟಬೇಕು.

ಆ ಕಚೇರಿ ಭಾರತದಲ್ಲಿ ಮೊದಲು ಕಣ್ಣು ಹಾಕಿದ್ದು ನಮ್ಮ ಸೀಮೆಯ ಮೇಲೆಯೇ. 1637ರಲ್ಲಿ ಗೋವೆಯ ಮತೆಯುಸ್ ದ ಕಾಸ್ತ್ರೊ ಎಂಬಾತನಿಗೆ ರೋಮಿನಲ್ಲಿ ಬಿಷಪ್ ದೀಕ್ಷೆ ಕೊಟ್ಟು ಬಿಜಾಪುರದ ಆದಿಲಶಾಹಿ ನಾಡಿಗೆ ಕಳಿಸಿದರು. ಕ್ರೈಸ್ತನಾದ ಬ್ರಾಹ್ಮಣ ಮನೆತನದವನು, ಕಪ್ಪು ಮೈಬಣ್ಣದವನು ಎಂದು ಪೋರ್ಚುಗೀಸರು ಅವನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವನು ಸುಲ್ತಾನನ ಗಡಿಯೊಳಗಿನ ಡಿಚೋಲಿಯಲ್ಲಿ ನೆಲೆಯೂರಿ ಅಲ್ಲಿಂದಲೇ ಅವರ ಮೇಲೆ ಹರಿಹಾಯ್ದ. ರೋಮಿಗೂ ದೊರೆಗೂ ನಡೆದ ಈ ಎಳೆದಾಟ ಮುನ್ನೂರು ವರ್ಷ ಎಳೆಯಿತು. ಸ್ವಾತಂತ್ರ್ಯ ಬಂದ ಮೇಲೂ ಬೆಳಗಾವಿ ಕಡೆಯ ಅನೇಕ ಚರ್ಚುಗಳು ಪೋರ್ಚುಗೀಸರ ಗೋವೆಯ ಆರ್ಚ್‌ಬಿಷಪ್ಪರ ಕೈಕೆಳಗೇ ಇದ್ದವು. ಗೋವಾ ಮತ್ತು ಪುಣೆಯ ಭಾಗಗಳನ್ನು ಕೂಡಿಸಿ ಬೆಳಗಾವಿ ಧರ್ಮಪ್ರಾಂತವಾದದ್ದು 1953ರ ಸೆಪ್ಟೆಂಬರ್ 19ರಂದು.

ವಾರಕ್ಕೊಂದು ಕಾಸು

ಆಟದ ನಿಯಮವನ್ನೇ ಬದಲಿಸಿದವಳು ಫ್ರಾನ್ಸಿನ ಲಿಯಾನ್ ಪಟ್ಟಣದ ಪೊಲೀನ್ ಜರಿಕೊ. ಅದು ರೇಷ್ಮೆ ನೇಯುವವರ ಊರು, ಅವಳ ಮನೆಯದೂ ರೇಷ್ಮೆ ವ್ಯಾಪಾರವೇ. ಗಿರಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಅವಳು ಹೂಡಿದ ಹಂಚಿಕೆ ಹೀಗಿತ್ತು: ಒಬ್ಬಳು ಹತ್ತು ಜನರಿಂದ ವಾರಕ್ಕೊಂದು ಸೂ, ಅಂದರೆ ಚಿಕ್ಕ ತಾಮ್ರದ ಕಾಸು, ಎತ್ತಬೇಕು. ಅಂಥ ಹತ್ತು ಗುಂಪುಗಳ ಹಣ ಒಬ್ಬರ ಕೈಗೆ, ಅಂಥ ಹತ್ತು ನೂರುಗಳ ಹಣ ಇನ್ನೊಬ್ಬರ ಕೈಗೆ. 1822ರ ಮೇ 3ರಂದು ಇದೇ ತಳಹದಿಯ ಮೇಲೆ ಧರ್ಮಪ್ರಸಾರ ಸಂಘ ಹುಟ್ಟಿತು. ನೂರು ವರ್ಷಕ್ಕೆ ಸರಿಯಾಗಿ, 1922ರ ಅದೇ ದಿನ, ಪೋಪರು ಅದಕ್ಕೆ ತಮ್ಮ ಮುದ್ರೆ ಒತ್ತಿದರು. ಕೊನೆಗಾಲಕ್ಕೆ ದಿವಾಳಿಯಾಗಿ ಬಡತನದಲ್ಲೇ ಸತ್ತ ಪೊಲೀನಳನ್ನು 2022ರ ಮೇ ತಿಂಗಳಲ್ಲಿ ಲಿಯಾನಿನಲ್ಲೇ 'ಧನ್ಯಳು' ಎಂದು ಘೋಷಿಸಿದರು. ಹತ್ತು ಹತ್ತಾಗಿ ಜನರನ್ನು ಪೋಣಿಸಿದವಳ ಕಷ್ಟಕಾಲಕ್ಕೆ ಆ ಹಂಚಿಕೆ ಒದಗಲಿಲ್ಲ.

ಕಾಸು ಕೊಟ್ಟವರಿಗೆ ಸಿಗುತ್ತಿದ್ದದ್ದು ಒಂದು ಪತ್ರಿಕೆ, 'ಅನಾಲ್'. ಹತ್ತು ಜನರಿಗೆ ಒಂದೇ ಪ್ರತಿ, ಒಬ್ಬರು ಓದಿ ಇನ್ನೊಬ್ಬರಿಗೆ ದಾಟಿಸಬೇಕು. ಚೀನಾ, ಅಮೆರಿಕ, ಭಾರತದಿಂದ ಪಾದ್ರಿಗಳು ಬರೆದ ಪತ್ರಗಳೇ ಅದರ ಹೂರಣ. ಹುಲಿ, ಕ್ಷಾಮ, ಕಾಲರಾ, ಹುತಾತ್ಮರು, ಒಬ್ಬ ಅನಾಥ ಮಗುವಿನ ಜ್ಞಾನಸ್ನಾನ. ಓದಿದವರ ಕಣ್ಣು ಒದ್ದೆಯಾದರೆ ಮುಂದಿನ ವಾರದ ಕಾಸು ಗ್ಯಾರಂಟಿ. ಇಂಥ ಪತ್ರ ಬರೆಯಲು ಕೂತ ಪಾದ್ರಿ 'ಇಲ್ಲಿಯ ಜನ ನಮಗಿಂತ ಚೆನ್ನಾಗಿಯೇ ಇದ್ದಾರೆ' ಎಂದು ಬರೆದಾನೇ?

ಬರೆದವನೊಬ್ಬ

ಹಾಗೆ ಗಿರಾಕಿ ಕೆಡಿಸುವ ಮಾತು ಬರೆದವನೊಬ್ಬ ಇದ್ದ, ಅವನು ನಮ್ಮ ಮೈಸೂರು ಸೀಮೆಯವನೇ. ಅಬ್ಬೆ ದುಬುವಾ ಫ್ರಾನ್ಸಿನಿಂದ ಬಂದು ಈ ದೇಶದಲ್ಲಿ ಮೂವತ್ತು ವರ್ಷ ಬಾಳಿದ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಬಂದು, ಹಾಸನದ ಕಡೆ ಕ್ರೈಸ್ತ ರೈತರಿಗೆ ನೆಲೆ ಮಾಡಿಸಿದ, ಇಲ್ಲಿಯವರ ಹಾಗೇ ಉಟ್ಟ, ಉಂಡ. ಜನ ಅವನನ್ನು 'ದೊಡ್ಡಸ್ವಾಮಿಯೋರು' ಎಂದರು. ಸಿಡುಬಿನ ಲಸಿಕೆ ಹೊಸದಾಗಿ ಬಂದ 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ. ಹಿಂದೂಗಳ ರೀತಿನೀತಿಯ ಕುರಿತ ಅವನ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ಸ್ಟಾರ್ ಪಗೋಡಕ್ಕೆ ಕೊಂಡಿತು. ಅದರಲ್ಲಿ ಬಹಳಷ್ಟು ಅವನಿಗಿಂತ ಹಿಂದಿನ ಕೇರ್ದು ಎಂಬ ಜೆಸುಯಿಟ್ ಪಾದ್ರಿಯ ಬರಹ ಎಂದು ಸಿಲ್ವಿಯಾ ಮುರ್ ಎಂಬ ವಿದುಷಿ 1987ರಲ್ಲಿ ತೋರಿಸಿಕೊಟ್ಟರು. ದೊಡ್ಡಸ್ವಾಮಿಗಳ ಕೈಯೂ ಪೂರ್ತಿ ಶುಭ್ರವಲ್ಲ.

ಆದರೆ 1823ರಲ್ಲಿ, ಲಿಯಾನಿನ ಸಂಘಕ್ಕೆ ಇನ್ನೂ ಒಂದೇ ವರ್ಷ ತುಂಬಿದಾಗ, ಅವನ ಪತ್ರಗಳ ಪುಸ್ತಕ ಲಂಡನ್ನಿನಲ್ಲಿ ಹೊರಬಂತು. ಹಿಂದೂಗಳನ್ನು ಮತಾಂತರ ಮಾಡುವುದು ಆಗದ ಮಾತು, ಇಷ್ಟು ವರ್ಷ ಒದ್ದಾಡಿ ನಾನು ಕಂಡದ್ದು ಇನ್ನೂರು-ಮುನ್ನೂರು ಜನ, ಅದರಲ್ಲೂ ಬಹುಪಾಲು ಬೇರೆ ದಿಕ್ಕಿಲ್ಲದವರು ಎಂಬುದು ಅದರ ತಿರುಳು. ಪ್ರೊಟೆಸ್ಟೆಂಟ್ ಮಿಷನ್‌ನವರು ಕೆರಳಿ ಉತ್ತರದ ಪುಸ್ತಕಗಳನ್ನೇ ಬರೆದರು. ದುಬುವಾಗೆ ಇಂಥ ಧೈರ್ಯ ಬಂದದ್ದಕ್ಕೆ ಅವನ ಹಣಕಾಸು ಕೂಡ ಕಾರಣ ಎಂದು ನನ್ನ ಅಂದಾಜು. ಕಂಪನಿಯ ಪಿಂಚಣಿ ಅವನಿಗಿತ್ತು, ವಾರದ ಕಾಸಿಗೆ ಕಾಯುವ ಓದುಗರು ಅವನಿಗಿರಲಿಲ್ಲ. ಮುಂದೆ ಪ್ಯಾರಿಸ್ಸಿನ ತನ್ನ ಮಿಷನ್ ಸಂಸ್ಥೆಗೆ ಅವನೇ ಮುಖ್ಯಸ್ಥನಾದ ಎಂಬುದು ವಿಚಿತ್ರ. ಆ ಹೊತ್ತಿಗೆ ಅಂಥ ಸಂಸ್ಥೆಗಳು ನಡೆಯುತ್ತಿದ್ದದ್ದೇ ಲಿಯಾನಿನ ಕಾಸಿನಿಂದ.

ಕತೆ ಹಣದ ಕಡೆ ವಾಲಿದರೆ ಏನಾಗುತ್ತದೆ ಎಂದು ನೋಡಲು ಜರ್ಮನಿ, ಆಸ್ಟ್ರಿಯಾದ ಹಳೆಯ ಚರ್ಚುಗಳ ಕಾಣಿಕೆ ಡಬ್ಬಿ ಸಾಕು. ಡಬ್ಬಿಯ ಮೇಲೆ ಕೈಮುಗಿದು ಮಂಡಿಯೂರಿದ ಒಂದು ಕಪ್ಪು ಮಗುವಿನ ಬೊಂಬೆ. ಕಾಸು ಹಾಕಿದ ಕೂಡಲೇ ಬೊಂಬೆ ತಲೆ ಅಲ್ಲಾಡಿಸಿ ಕೃತಜ್ಞತೆ ಹೇಳುತ್ತದೆ. ಮಕ್ಕಳು ಅದನ್ನು ನೋಡುವ ಆಸೆಗೇ ಅಪ್ಪನ ಕಿಸೆಯಿಂದ ಚಿಲ್ಲರೆ ತೆಗೆಸುತ್ತಿದ್ದರು. ಈಗ ಅಂಥವು ಹೆಚ್ಚಾಗಿ ವಸ್ತುಸಂಗ್ರಹಾಲಯ ಸೇರಿವೆ, ನೋಡುವವರಿಗೆ ಮುಜುಗರ. ಬೊಂಬೆ ಹೋದರೂ ಕೈಮುಗಿದ ಮಗುವಿನ ಫೋಟೊ ಕರಪತ್ರಗಳಿಂದ ಹೋಗಿಲ್ಲ.

ಮಂಗಳೂರಿನ ಅಗಸ್ಟಸ್ ಮುಲ್ಲರ್ ಬೇರೆಯೇ ದಾರಿ ಹಿಡಿದರು. ಜರ್ಮನಿಯಲ್ಲಿ ಹುಟ್ಟಿ, 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸುಯಿಟ್ ಅವರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡಲು ಶುರುಮಾಡಿದರು. ಯುರೋಪಿಗೆ ಬರೀ ಪತ್ರ ಬರೆಯುತ್ತ ಕೂರದೆ, ಮದ್ದನ್ನು ಅಂಚೆಯಲ್ಲಿ ದೇಶದ ಮೂಲೆಮೂಲೆಗೆ ಮಾರಿ, ಬಂದ ಲಾಭವನ್ನು 1890ರ ಕುಷ್ಠರೋಗಿಗಳ ಆಶ್ರಮಕ್ಕೂ ಆಮೇಲಿನ ಆಸ್ಪತ್ರೆಗೂ ಸುರಿದರು. ಸೀಸೆಯ ಮದ್ದು ಮಾರುವವನು ಯಾರನ್ನೂ ಬೊಂಬೆ ಮಾಡಬೇಕಾಗಿಲ್ಲ.

ಹೊರಗಿನ ಆಸರೆ ಎಷ್ಟು ಹಗುರ ಎಂಬುದನ್ನು 1914ರ ಯುದ್ಧ ತೋರಿಸಿತು. ಮುಂಬಯಿ, ಪುಣೆ ಮಿಷನ್ ಆಗ ಜರ್ಮನ್ ಜೆಸುಯಿಟರ ಕೈಯಲ್ಲಿತ್ತು. ಒಂದೇ ಏಟಿಗೆ ಅವರು ಶತ್ರು ದೇಶದವರಾಗಿ ಶಿಬಿರ ಸೇರಿದರು, ಇಲ್ಲವೇ ಹಡಗು ಹತ್ತಿದರು. ಪುಣೆಯ ಬಿಷಪ್ ಹೆನ್ರಿ ಡೋರಿಂಗರಿಗೆ ವಾಪಸು ಬರಲು ಆಗ ಅನುಮತಿಯೇ ಸಿಗಲಿಲ್ಲ. ಅವರು ಜಪಾನಿನ ಹಿರೋಷಿಮಾದ ಮಿಷನ್ ನೋಡಿಕೊಂಡಿದ್ದು 1927ರಲ್ಲಿ ಪುಣೆಗೆ ಮರಳಿದರು.

ಬೇಡುವುದರಲ್ಲಿ ಪಳಗಿದ ಊರು

ಸವದತ್ತಿಗೆ ಯಾರೂ ಬೇಡುವ ವಿದ್ಯೆ ಕಲಿಸಬೇಕಾಗಿಲ್ಲ. ಯಲ್ಲಮ್ಮನ ಗುಡ್ಡದಲ್ಲಿ ಜೋಗ ಬೇಡುವುದೇ ಒಂದು ಹರಕೆ, ಉಳ್ಳವರೂ ಐದು ಮನೆ ಬೇಡಿ ಹರಕೆ ತೀರಿಸುತ್ತಾರೆ. ಕೊಡುವುದರಲ್ಲೂ ಈ ಸೀಮೆ ಹಿಂದಿಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿ 1906ರಲ್ಲಿ ತೀರಿಕೊಳ್ಳುವ ಮುನ್ನ ತನ್ನ ಸಂಸ್ಥಾನದ ಆಸ್ತಿಯನ್ನೆಲ್ಲ ತನ್ನ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟ. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವನದೇ ಹೆಸರು. ಹತ್ತು ವರ್ಷ ಕಳೆದು 1916ರಲ್ಲಿ ಏಳು ಮಂದಿ ಶಿಕ್ಷಕರು ಕೆಎಲ್ಇ ಸಂಸ್ಥೆ ಕಟ್ಟಿದಾಗಲೂ ಊರೂರು ತಿರುಗಿ ಪಟ್ಟಿ ಎತ್ತಿದರು. ಆ ಹಣಕ್ಕೆ ಕಡಲು ದಾಟಿ ಕತೆ ಹೇಳುವ ಕಷ್ಟ ಇರಲಿಲ್ಲ. ಕೊಟ್ಟವನ ಮಗ, ನೆರೆಯವನ ಮಗ ಅದೇ ಬೆಂಚಿನ ಮೇಲೆ ಕೂತು ಓದಿದರು.

ಇದೇ ಸವದತ್ತಿ ಹೊರದೇಶದ ಸಾಕ್ಷ್ಯಚಿತ್ರಕ್ಕೆ, ದೇಣಿಗೆಯ ಕರಪತ್ರಕ್ಕೆ ಸಿಕ್ಕಾಗ ಮಾತ್ರ ಅದರ ಮುಖ ಒಂದೇ: ಕೊರಳಲ್ಲಿ ಮುತ್ತು ಕಟ್ಟಿಸಿಕೊಂಡ ದೇವದಾಸಿ. ಮಾಡಿದ್ದು ಚರ್ಚೋ ಬೇರೆ ಸಂಸ್ಥೆಯೋ, ಚಿತ್ರದ ಮಾದರಿ ಬದಲಾಗುವುದಿಲ್ಲ. ಮುತ್ತು ಕಟ್ಟುವ ಪದ್ಧತಿ ಸುಳ್ಳಲ್ಲ, ಅದನ್ನು ತಡೆಯಲು 1982ರಲ್ಲಿ ಕಾಯ್ದೆಯೇ ಬಂತು. ಆದರೆ ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರೇ ಸೇರಿ ನಿಲ್ಲಿಸಿದ 'ಮಾಸ್' ಸಂಸ್ಥೆ, ಅದನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದ ಸೀತವ್ವ ಜೋಡಟ್ಟಿ, ಇವರು ಆ ಕರಪತ್ರದ ಚಿತ್ರಕ್ಕೆ ಒಗ್ಗುವುದಿಲ್ಲ. ನಿಂತು ಮಾತಾಡುವ ಹೆಣ್ಣಿಗಿಂತ ಕೂತು ಅಳುವ ಹೆಣ್ಣಿಗೆ ದೇಣಿಗೆ ಬೇಗ ಹುಟ್ಟುತ್ತದೆ.

ಡೆಲ್ಲಿಯ ಮೇಲೆ ಹಾದು

ಇವತ್ತಿನ ಹಣದ ಒಂದು ತುದಿ ಜರ್ಮನಿಯ ಮಕ್ಕಳ ಕೈಯಲ್ಲಿದೆ. ಜನವರಿ ಮೊದಲ ವಾರ ಅವರು ಮೂವರು ರಾಜರ ವೇಷ ಹಾಕಿ, ಕೋಲಿನ ತುದಿಗೆ ನಕ್ಷತ್ರ ಕಟ್ಟಿಕೊಂಡು ಮನೆಮನೆ ಮುಂದೆ ಹಾಡುತ್ತಾರೆ. ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಆ ವರ್ಷದ ಅಂಕಿ, ನಡುವೆ ಸಿ, ಎಂ, ಬಿ ಎಂಬ ಅಕ್ಷರ ಬರೆದು ಹರಸಿ, ಡಬ್ಬಿ ಒಡ್ಡುತ್ತಾರೆ. ನಮ್ಮಲ್ಲಿ ಭಾದ್ರಪದದಲ್ಲಿ ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಬರುವ ಹೆಂಗಸರು ಹಾಡಿ, ಮೊರದ ಜೋಳ ಪಡೆದು, ಬೇವಿನೆಲೆ ಕೊಟ್ಟು ಹೋಗುವುದನ್ನು ಕಂಡವರಿಗೆ ಇದು ಹೊಸತೆನಿಸದು. ಜರ್ಮನಿಯಲ್ಲಿ 1959ರಿಂದ ಆಖೆನ್ ಪಟ್ಟಣದ ಮಕ್ಕಳ ಮಿಷನ್ ಸಂಸ್ಥೆ ಇದನ್ನು ದೇಶವ್ಯಾಪಿ ಮಾಡಿದೆ.

ಆ ಡಬ್ಬಿಯ ಹಣ ಭಾರತದ ಒಂದು ಹಾಸ್ಟೆಲ್ಲಿಗೋ ದವಾಖಾನೆಗೋ ಬರಬೇಕಾದರೆ ಈಗ ದಾರಿ ಒಂದೇ. 2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ, ಅಂದರೆ ಎಫ್‌ಸಿಆರ್‌ಎಗೆ, ತಿದ್ದುಪಡಿ ಬಂದ ಮೇಲೆ ಯಾವ ಊರಿನ ಸಂಸ್ಥೆಯಾದರೂ ಹೊರದೇಶದ ಹಣವನ್ನು ಮೊದಲು ಡೆಲ್ಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಪಡೆಯಬೇಕು. ಆಡಳಿತ ಖರ್ಚಿನ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಿಂದೆ ದೊಡ್ಡ ಸಂಸ್ಥೆ ಪಡೆದು ಹಳ್ಳಿಯ ಸಣ್ಣ ಸಂಸ್ಥೆಗೆ ಹಂಚುತ್ತಿತ್ತು, ಆ ಕಾಲುವೆ ಈಗ ಮುಚ್ಚಿದೆ. ಹೊರಗಿನ ಹಣದ ಲೆಕ್ಕ ಕೇಳುವುದು ಸರ್ಕಾರದ ಹಕ್ಕು, ಅದರಲ್ಲಿ ತಕರಾರಿಲ್ಲ. ಆದರೆ ಈ ನಿಯಮಗಳ ಭಾರ ದೊಡ್ಡವರಿಗಿಂತ ಇಬ್ಬರು ಸಿಸ್ಟರುಗಳು ನಡೆಸುವ ದವಾಖಾನೆಯ ಮೇಲೆ ಹೆಚ್ಚು ಬೀಳುತ್ತದೆ. ಮದರ್ ತೆರೇಸಾರ ಸಂಸ್ಥೆಗೇ 2021ರ ಕ್ರಿಸ್ಮಸ್ ದಿನ ಪರವಾನಗಿ ನವೀಕರಣ ನಿರಾಕರಣೆಯಾಗಿ, ಮುಂದಿನ ಜನವರಿಯಲ್ಲಿ ಮರಳಿ ಸಿಕ್ಕಿತು. ಅಂಥ ಹೆಸರಿಲ್ಲದವರ ಅರ್ಜಿ ಸುದ್ದಿಯಾಗುವುದಿಲ್ಲ.

ಇನ್ನೊಂದು ಕಡೆ ಹೊಳೆ ತಿರುಗಿ ಹರಿಯುತ್ತಿದೆ. 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಕನ್ಯಾಸ್ತ್ರೀಯರ ಸಭೆ ಇಂದು ಕುವೈತ್, ಬಹರೈನ್‌ಗಳಲ್ಲಿ ಶಾಲೆ ನಡೆಸುತ್ತದೆ. ಪಾದ್ರಿಗಳ ಬರ ಬಿದ್ದ ಜರ್ಮನಿಯ ಚರ್ಚುಗಳಲ್ಲಿ ಭಾರತದ ಪಾದ್ರಿಗಳು ಪೂಜೆ ಸಲ್ಲಿಸುತ್ತಾರೆ. ನಕ್ಷತ್ರ ಹೊತ್ತು ಹೊರಟ ಮಕ್ಕಳನ್ನು ಹರಸಿ ಕಳಿಸುವವರೇ ಅನೇಕ ಕಡೆ ನಮ್ಮವರು.

ಕಾಸು ಕೂಡ ಇಲ್ಲಿಂದ ಹೊರಡುತ್ತದೆ. ಹನ್ನೊಂದನೇ ಪಯಸ್ ಪೋಪರು 1926ರಲ್ಲಿ ಗೊತ್ತುಮಾಡಿದ ಮಿಷನ್ ಭಾನುವಾರ ಅಕ್ಟೋಬರಿನ ಕೊನೆಯದಕ್ಕಿಂತ ಹಿಂದಿನದು. ಅಂದು ಎತ್ತಿದ ಕಾಣಿಕೆ ಧರ್ಮಕೇಂದ್ರದಲ್ಲಿ ಉಳಿಯುವಂತಿಲ್ಲ, ಜಗತ್ತಿನ ಮಿಷನ್ ನಿಧಿಗೇ ಸೇರಬೇಕು. ಬಡ ಧರ್ಮಪ್ರಾಂತಗಳಿಗೂ ಇದರಲ್ಲಿ ವಿನಾಯಿತಿ ಇಲ್ಲ. ಚರ್ಚಿನ ಕಾನೂನಿನ 791ನೇ ವಿಧಿ ಪ್ರತಿ ಧರ್ಮಪ್ರಾಂತದಿಂದ ವರ್ಷವರ್ಷವೂ ಇದಕ್ಕೆ ಪಾಲು ಕೇಳುತ್ತದೆ. ಬೆಳಗಾವಿ ಧರ್ಮಪ್ರಾಂತದ ಹಳ್ಳಿಯೊಂದರಲ್ಲಿ ಕಬ್ಬಿನ ಬಿಲ್ಲಿಗೆ ಕಾಯುತ್ತಿರುವ ರೈತ ಅಂದು ಹಾಕಿದ ಹತ್ತು ರೂಪಾಯಿ ಆಫ್ರಿಕಾದ ಯಾವುದೋ ಊರಿನ ಪಾದ್ರಿಯ ಖರ್ಚಿಗೆ ಸೇರಬಹುದು. ಅವನ ಕೈಗೆ ಬರುವ ಕವರಿನ ಮೇಲೂ ಒಂದು ಚಿತ್ರವಿದ್ದರೆ, ಅದು ಆಫ್ರಿಕಾದ ಯಾವ ಮುಖ ಎಂದು ಕೇಳುವ ಸರದಿ ಈಗ ಅವನದು.