ಸೊಲ್ಲು ಕೊಡುವವರ ಹಾಡು

ಚಾಮರಾಜನಗರದಿಂದ ಸತ್ಯಮಂಗಲದ ರಸ್ತೆ ಹಿಡಿದರೆ ಪುಣಜನೂರಿನ ಹೊತ್ತಿಗೆ ಹೊಲಗಳ ಬಯಲು ಮುಗಿದು ಕಾಡು ಎದುರಾಗುತ್ತದೆ. ಎಡಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು, ಮುಂದೆ ಹಾಸನೂರು, ದಿಂಬಂ ಘಾಟಿ. ಪಡುವಲಿಗೆ ತಾಳವಾಡಿ ಸೀಮೆ, ರಾಜ್‌ಕುಮಾರ್ ಅವರ ಗಾಜನೂರು ಇರುವ ಕಡೆ. ನಕಾಶೆಯಲ್ಲಿ ಇಲ್ಲಿ ಕರ್ನಾಟಕ ಮುಗಿದು ತಮಿಳುನಾಡು ಶುರುವಾದರೂ ಹಾಡಿಗೆ ಆ ಗಡಿ ಗೊತ್ತಿಲ್ಲ. ಮಾದಪ್ಪನಿಗೆ ನಡೆದುಕೊಳ್ಳುವ ಒಕ್ಕಲು ಎರಡೂ ಕಡೆ ಇದೆ. ಹರಕೆ ತೀರಿಸಲು, ತಿಥಿಯ ರಾತ್ರಿ ಕಳೆಯಲು, ಮನೆಗೆ ಮಗು ಬಂದ ಸಂತೋಷಕ್ಕೆ ‘ಕಥೆ ಮಾಡಿಸುವ’ ಪದ್ಧತಿಯೂ ಈ ಸೀಮೆಯಲ್ಲಿ ಹಳೆಯದು.

ಆ ಕಥೆಗಳು ಮುಖ್ಯವಾಗಿ ಎರಡು. ಒಂದು ಜನ ಮಾದಪ್ಪ ಎಂದು ಕರೆಯುವ ಮಲೆಯ ಮಾದೇಶ್ವರನದು. ಅದನ್ನು ಹಾಡುವವರು ದೇವರ ಗುಡ್ಡರು, ಅವರ ಕೈಯಲ್ಲಿ ಕಂಸಾಳೆ. ಇನ್ನೊಂದು ಧರೆಗೆ ದೊಡ್ಡವರು ಎಂದು ಹೆಸರಾದ ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರದು. ಅದನ್ನು ಹಾಡುವವರು ನೀಲಗಾರರು, ಅವರ ಹೆಗಲಿಗೆ ತಂಬೂರಿ. ಗುಡ್ಡನಾಗುವುದಕ್ಕೂ ನೀಲಗಾರನಾಗುವುದಕ್ಕೂ ದೀಕ್ಷೆಯಿದೆ. ಮನೆತನದ ಹರಕೆಯಂತೆ ಗಂಡುಮಗನೊಬ್ಬನನ್ನು ದೇವರಿಗೆ ಬಿಡುತ್ತಾರೆ. ಅವನು ಜೋಳಿಗೆ ಹೊತ್ತು ಭಿಕ್ಷೆಗೆ ಹೋಗುತ್ತಾನೆ, ಗುರುವಿನ ಹಿಂದೆ ಕೂತು ಹಾಡು ಕಲಿಯುತ್ತಾನೆ. ಹೀಗೆ ಹಾಡು ಅವರಿಗೆ ಕಸುಬೂ ಹೌದು, ವ್ರತವೂ ಹೌದು.

ಈ ಸಂಗೀತವನ್ನು ಹೊಸದಾಗಿ ಕೇಳಹೊರಟವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಮುಂದೆ ಕೂತವನನ್ನಷ್ಟೇ ಕೇಳಬೇಡಿ, ಹಿಂದಿನವರ ಕಡೆಗೂ ಕಿವಿ ಕೊಡಿ.

ಮೇಳದ ಕಟ್ಟು ಸರಳ. ಕಥೆಯ ಹೊಣೆ ಹೊತ್ತವನು ಮುಮ್ಮೇಳ. ಅವನ ಸುತ್ತ ಎರಡು ಮೂರು ಜನರ ಹಿಮ್ಮೇಳ. ನೀಲಗಾರರ ಮೇಳದಲ್ಲಿ ತಂಬೂರಿಯ ಶ್ರುತಿ, ಗಗ್ಗರದ ಝಣಝಣ, ದಮ್ಮಡಿಯ ಪೆಟ್ಟು ಒಂದಾಗುತ್ತವೆ. ಗುಡ್ಡರ ಮೇಳದಲ್ಲಿ ಕಂಸಾಳೆಯದೇ ಮುಂದಾಳತ್ವ. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ದಾರದ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಮುಮ್ಮೇಳದವನು ಒಂದು ನುಡಿ ಎತ್ತುತ್ತಾನೆ, ಹಿಮ್ಮೇಳದವರು ಸೊಲ್ಲು ಕೊಡುತ್ತಾರೆ. ಆ ಸೊಲ್ಲು ಸುಮ್ಮನೆ ಹಿಂದಿನ ಸಾಲಿನ ಪುನರಾವರ್ತನೆಯಲ್ಲ. ಮುಮ್ಮೇಳದವನಿಗೆ ಉಸಿರೆಳೆದುಕೊಳ್ಳಲು, ಮುಂದಿನ ನುಡಿ ನೆನೆದುಕೊಳ್ಳಲು ಅದೇ ಸಮಯ. ಕೇಳುವವನಿಗೆ ಆಗಷ್ಟೇ ಕಿವಿಗೆ ಬಿದ್ದ ಸಂಗತಿ ಎದೆಗಿಳಿಯುವ ಸಮಯ. ಹಾಡು ನಡುವೆ ನಿಂತು ವಚನವಾಗುತ್ತದೆ, ಅಂದರೆ ಲಯಬದ್ಧ ಮಾತಾಗುತ್ತದೆ. ಆಗ ಹಿಮ್ಮೇಳದವನೊಬ್ಬ ‘ಹೌದಪ್ಪ’, ‘ಅಯ್ಯೋ ಗುರುವೆ’ ಎಂದು ಹೂಂಗುಟ್ಟುತ್ತಾನೆ, ಆಮೇಲೇನಾಯಿತೆಂದು ಕೇಳುತ್ತಾನೆ. ಕೂತ ಜನದಲ್ಲಿ ಯಾರೋ ಒಬ್ಬರು ‘ಉಘೇ’ ಎನ್ನುತ್ತಾರೆ, ಅದು ಅಂಗಳದಾಚೆಗೂ ಹಬ್ಬುತ್ತದೆ. ನೀರು ಹರಿಯಲು ಎರಡು ದಡ ಬೇಕಾಗುವ ಹಾಗೆ ಈ ಹಾಡು ಹೇಳುವವನ ಮತ್ತು ಹೂಂಗುಟ್ಟುವವನ ನಡುವೆಯೇ ಹರಿಯುತ್ತದೆ.

ಕಥೆಯ ಒಂದೊಂದು ಭಾಗವನ್ನೂ ‘ಸಾಲು’ ಎನ್ನುತ್ತಾರೆ, ಮಾದೇಶ್ವರನ ಕಥೆಯಲ್ಲಿ ‘ಕವಟ್ಲು’ ಎಂಬ ಮಾತೂ ಇದೆ. ಇಡೀ ಕಥೆಯನ್ನು ಒಂದು ರಾತ್ರಿಯಲ್ಲಿ ಹಾಡಿ ಮುಗಿಸಲಾಗುವುದಿಲ್ಲ. ಮನೆಯವರು ಕೇಳಿದ ಸಾಲನ್ನು, ಇಲ್ಲವೇ ಸಂದರ್ಭಕ್ಕೆ ತಕ್ಕ ಸಾಲನ್ನು ಹಾಡುತ್ತಾರೆ. ಹರಳಯ್ಯನಿಂದ ಪಾದರಕ್ಷೆ ಮಾಡಿಸಿ, ದೇವತೆಗಳನ್ನೆಲ್ಲ ಸೆರೆಯಿಟ್ಟ ಶ್ರವಣ ದೊರೆಯನ್ನು ಮಾದಪ್ಪ ಕೊಲ್ಲುವ ಸಾಲು ಮಕ್ಕಳಿಗೂ ಇಷ್ಟ. ಮೊದಲ ಸಲ ಕೇಳುವವರಿಗೆ ನಾನು ಹೇಳುವುದು ಸಂಕಮ್ಮನ ಸಾಲು. ಗಂಡ ನೀಲೇಗೌಡ ಕಾಡಿಗೆ ಹೊರಡುತ್ತಾನೆ. ಹೊರಡುವ ಮುನ್ನ ಹೆಂಡತಿಯ ಮೇಲೆ ಅನುಮಾನ ಹುಟ್ಟಿ, ತಾನು ಬರುವ ತನಕ ನೇಮದಿಂದಿರುವುದಾಗಿ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಬೇಕು ಎಂಬುದು ಅವಳ ನಿಲುವು. ಗಂಡ ಹಿಂಸಿಸುತ್ತಾನೆ, ಅವಳು ಜಗ್ಗುವುದಿಲ್ಲ. ಕೊನೆಗೆ ಮಾದಪ್ಪನೇ ಅವಳ ಬಳಿಗೆ ಬಂದು ಮಕ್ಕಳ ಫಲ ಕೊಡುತ್ತಾನೆ. ಆ ಮಕ್ಕಳೇ ಕಾರಯ್ಯ, ಬಿಲ್ಲಯ್ಯ. ಈ ಸೀಮೆಯ ಸೋಲಿಗರಿಗೆ ಕಾರಯ್ಯ ಇವತ್ತಿಗೂ ದೇವರು, ಮಾದೇಶ್ವರ, ಜಡೇಸ್ವಾಮಿ, ರಂಗಸ್ವಾಮಿ, ಕ್ಯಾತೆದೇವರ ಜೊತೆಯಲ್ಲಿ ಪೂಜೆ ಪಡೆಯುವ ದೇವರು. ಕಾಡಿನ ಹೆಣ್ಣೊಬ್ಬಳ ಹಟವನ್ನು ರಾತ್ರಿಯ ನಡುಜಾವದಲ್ಲಿ, ಹೆಂಗಸರೇ ಹೆಚ್ಚಾಗಿ ಕೂತ ಅಂಗಳದಲ್ಲಿ ಕೇಳಬೇಕು. ಸಂಕಮ್ಮನಿಗೆ ಗಂಡ ಸಂಕಟ ಕೊಡುವ ಜಾಗಕ್ಕೆ ಬಂದಾಗ ಸೊಲ್ಲು ಹಿಮ್ಮೇಳದವರದಷ್ಟೇ ಆಗಿರುವುದಿಲ್ಲ.

ಮಂಟೇಸ್ವಾಮಿಯ ಕಥೆಯ ಕಸುವು ಬೇರೆ ಬಗೆಯದು. ಅದರ ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ನೋಡಿದವರು ಅಸಹ್ಯಪಡುವ ವೇಷದಲ್ಲಿ ಬಸವಣ್ಣನ ಬಾಗಿಲಿಗೆ ಬರುತ್ತಾನೆ. ಶರಣರೆಂದು ಬೀಗುತ್ತಿದ್ದವರೇ ಅವನನ್ನು ಹೊರಗಟ್ಟುತ್ತಾರೆ. ಭಕ್ತಿ ದೊಡ್ಡದೋ ಮಡಿ ದೊಡ್ಡದೋ ಎಂದು ಕಲ್ಯಾಣವನ್ನೇ ಒರೆಗೆ ಹಚ್ಚಿ ನೋಡುವ ಕಥೆ ಇದು. ಇದನ್ನು ಹಾಡಿಕೊಂಡು ಬಂದವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಯವರು. ಬಾಗಿಲಲ್ಲಿ ತಡೆಸಿಕೊಂಡವನ ಪಾಡನ್ನು ಕಥೆಯಲ್ಲಿ ಓದಿ ತಿಳಿಯುವ ಅಗತ್ಯ ಅವರಿಗಿರಲಿಲ್ಲ. ಹಾಗಾಗಿಯೇ ಆ ಸಾಲಿಗೆ ಅಂಥ ಕಾವು ಬಂದಿದೆ ಎಂದು ನಾನು ನಂಬಿದ್ದೇನೆ. ಕನ್ನಡದ ಆಧುನಿಕ ಸಾಹಿತ್ಯಕ್ಕೂ ಆ ಕಾವು ತಗುಲಿದೆ. ಎಚ್.ಎಸ್. ಶಿವಪ್ರಕಾಶರು ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕ ಬರೆದರು. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಗಟ್ಟಿಯಾಗಿ ಓದಿದರೆ ಅದರ ಗದ್ಯದಲ್ಲಿ ನನಗೆ ತಂಬೂರಿಯವರ ಉಸಿರೇ ಕೇಳುತ್ತದೆ.

ದೂರದ ಅಮೆರಿಕದಲ್ಲಿ ಕರಿಯ ಜನರ ಚರ್ಚುಗಳಲ್ಲಿ ಬೆಳೆದ ಗಾಸ್ಪೆಲ್ ಸಂಗೀತಕ್ಕೂ ನಮ್ಮ ಈ ಹಾಡಿಗೂ ನಂಟೇನೂ ಇಲ್ಲ, ಆದರೆ ಎರಡರ ಒಳಗಟ್ಟು ಒಂದೇ. ಅಲ್ಲಿಯೂ ಒಬ್ಬರು ಎತ್ತುತ್ತಾರೆ, ನೆರೆದವರು ಉತ್ತರ ಕೊಡುತ್ತಾರೆ. ಅಲ್ಲಿಯೂ ಅವಮಾನ ಉಂಡವರ ನಂಬಿಕೆಗೆ ಹಾಡೇ ಗ್ರಂಥ. ಮಹಾಲಿಯಾ ಜಾಕ್ಸನ್ 1947ರಲ್ಲಿ ‘ಮೂವ್ ಆನ್ ಅಪ್ ಎ ಲಿಟಲ್ ಹೈಯರ್’ ಧ್ವನಿಮುದ್ರಿಸಿದಾಗ ಹಾಡು ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯದೆ ಎರಡೂ ಮಗ್ಗುಲಿಗೆ ಹಂಚಿಹೋಯಿತು. ಅರೀಥಾ ಫ್ರಾಂಕ್ಲಿನ್ 1972ರಲ್ಲಿ ‘ಅಮೇಜಿಂಗ್ ಗ್ರೇಸ್’ ಧ್ವನಿಮುದ್ರಿಕೆಗೆ ಸ್ಟುಡಿಯೋ ಬಿಟ್ಟು ಲಾಸ್ ಏಂಜಲೀಸಿನ ಚರ್ಚೊಂದನ್ನೇ ಆರಿಸಿಕೊಂಡರು. ನೆರೆದ ಜನರ ಕೂಗು, ಚಪ್ಪಾಳೆ ಎಲ್ಲವೂ ಆ ತಟ್ಟೆಯಲ್ಲಿ ಉಳಿದವು. ಕೇಳುಗರ ಉತ್ತರವೂ ಸಂಗೀತದ ಭಾಗ ಎಂದು ತಿಳಿದು ಮಾಡಿದ ಕೆಲಸ ಅದು. ನಮ್ಮ ಕಥೆಗಳ ಕ್ಯಾಸೆಟ್ಟುಗಳಿಗೆ ಅಂಥ ಭಾಗ್ಯ ಒದಗಿದ್ದು ಅಪರೂಪ.

ಹಾಗೆಂದು ಕ್ಯಾಸೆಟ್ಟುಗಳನ್ನು ಹಗುರಾಗಿ ಕಾಣುವಂತಿಲ್ಲ. ಮಳವಳ್ಳಿಯ ಮಹದೇವಸ್ವಾಮಿಯವರ ದನಿ ಹಳೇ ಮೈಸೂರಿನ ಹಳ್ಳಿಗಳನ್ನು ಹೊಕ್ಕಿದ್ದೇ ಕ್ಯಾಸೆಟ್ಟಿನ ಮೂಲಕ. ಟೀ ಅಂಗಡಿ, ಟ್ರ್ಯಾಕ್ಟರು, ಜಾತ್ರೆಯ ಬಸ್ಸು, ಎಲ್ಲೆಂದರಲ್ಲಿ ಆ ದನಿ. ಕಥೆ ಮಾಡಿಸುವಷ್ಟು ಹಣ ಇಲ್ಲದವರೂ ಮನೆಯಲ್ಲಿ ಸಿದ್ದಪ್ಪಾಜಿಯ ಸಾಲು ಹಾಕಿಕೊಂಡು ಕೂರಲು ಸಾಧ್ಯವಾಯಿತು. ಅವರ ದನಿಯಲ್ಲಿ ನನಗೆ ಬಹಳ ಹಿಡಿಸುವುದು ವಚನ ಮುಗಿದು ಹಾಡಿಗೆ ಹೊರಳುವ ಜಾಗ. ಮಾತು ಎಲ್ಲಿ ಮುಗಿಯಿತು, ರಾಗ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದಷ್ಟು ನಯ ಅಲ್ಲಿದೆ. ಆದರೆ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೆ 30 ನಿಮಿಷ ಮಾತ್ರ. ರಾತ್ರಿಯಿಡೀ ಹರಡಿಕೊಳ್ಳಬೇಕಾದ ಕಥೆ ಅಷ್ಟರೊಳಗೆ ಮುದುಡಿಕೊಳ್ಳಬೇಕು. ಹೂಂಗುಟ್ಟುವುದು, ತಡವರಿಸುವುದು, ಊರಿನವರ ಹೆಸರು ಹಿಡಿದು ಕಥೆಯೊಳಗೆ ಸೇರಿಸುವುದು, ಇವೆಲ್ಲ ಮೊದಲು ಬಿಟ್ಟುಹೋಗುತ್ತವೆ. ಕೀಬೋರ್ಡು, ರಿದಂ ಪ್ಯಾಡು ಸೇರಿಕೊಂಡ ಮೇಲಿನ ಮುದ್ರಣಗಳಲ್ಲಿ ಗಗ್ಗರ ಎಲ್ಲಿದೆಯೆಂದು ಹುಡುಕಬೇಕು. ಕೊಳ್ಳುವವರಿಗೆ, ಮೊಬೈಲಿನಲ್ಲಿ ಹುಡುಕುವವರಿಗೆ ನನ್ನ ಸಲಹೆ ಇಷ್ಟೇ: ತಂಬೂರಿ, ದಮ್ಮಡಿ, ಗಗ್ಗರ ಬಿಟ್ಟರೆ ಬೇರೆ ವಾದ್ಯವಿಲ್ಲದ ಮುದ್ರಣವನ್ನು ಆರಿಸಿ. ದನಿ ಒರಟಾಗಿದ್ದರೂ ಚಿಂತೆಯಿಲ್ಲ.

ಸಿನಿಮಾ ದಾರಿಯಿಂದ ಬಂದವರೂ ಬಹಳ. 1996ರ ‘ಜನುಮದ ಜೋಡಿ’ ಈ ಸೀಮೆಯ ಹಾಡಿನ ಧಾಟಿಯನ್ನು ನಾಡಿಗೆಲ್ಲ ಮುಟ್ಟಿಸಿತು. ‘ಸೋಜುಗಾದ ಸೂಜುಮಲ್ಲಿಗೆ’ ಅನನ್ಯಾ ಭಟ್ ದನಿಯಲ್ಲಿ ಕನ್ನಡ ಬಾರದವರ ಫೋನುಗಳಿಗೂ ಹೋಯಿತು. 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ ಚಿತ್ರ ಅದನ್ನು ಮತ್ತೆ ಎತ್ತಿಕೊಂಡಿತು. ಅದು ಮಾದೇವನಿಗೆ ಹೂವು ಏರಿಸುವ ಹಾಡು ಎಂದು ಗೊತ್ತಾದವರಲ್ಲಿ ಹತ್ತರಲ್ಲೊಬ್ಬರು ಬೆಟ್ಟದ ಕಥೆಯನ್ನೂ ಕೇಳಲು ಬಂದರೆ ನನಗೆ ಸಂತೋಷವೇ.

ಇನ್ನು ಬರೆದಿಟ್ಟವರ ಋಣ. ನೂರಾರು ವರ್ಷ ಬಾಯಿಂದ ಬಾಯಿಗೆ ಬಂದ ಮಾದೇಶ್ವರನ ಕಥೆಯನ್ನು ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಜನಪದ ಮಹಾಕಾವ್ಯವಾಗಿ ಪ್ರಕಟಿಸಿದರು. ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ವೃತ್ತಿಗಾಯಕರ ಹಿಂದೆ ಊರೂರು ಅಲೆದರು. ಎಚ್.ಎಲ್. ನಾಗೇಗೌಡರು ಹಾಡುಗಾರರ ದನಿಯನ್ನು ಟೇಪಿಗಿಳಿಸುವ ಹುಚ್ಚು ಹಚ್ಚಿಕೊಂಡು, ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ ಮಾದೇಶ್ವರನ ಕಥೆಯ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅದನ್ನು ಇಂಗ್ಲಿಷಿಗೆ ತಂದರು, 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಪುಸ್ತಕದ ಮೇಲೆ ಹಾಡುಗಾರರ ಹೆಸರು ಬಂದದ್ದು ಸಣ್ಣ ಸಂಗತಿಯಲ್ಲ. ಕಥೆ ಕೇಳಲು ಹೋಗುವ ಮುನ್ನ ಅಲ್ಲಿ ಹಾಡಲಿರುವ ಸಾಲನ್ನು ಪುಸ್ತಕದಲ್ಲಿ ಒಮ್ಮೆ ಓದಿಕೊಂಡರೆ ಹಾಡುಭಾಷೆಯ ಸಡಗರದಲ್ಲಿ ಕಥೆಯ ಎಳೆ ತಪ್ಪುವುದಿಲ್ಲ.

ಆದರೆ ಹೋಗಬೇಕು. ಚಿಕ್ಕಲ್ಲೂರಿಗೆ ಪುಷ್ಯ ಮಾಸದ ಹುಣ್ಣಿಮೆಗೆ, ಅಂದರೆ ಸಾಮಾನ್ಯವಾಗಿ ಜನವರಿಯ ಚಳಿಯಲ್ಲಿ ಹೋಗಬೇಕು. ಕೊಳ್ಳೇಗಾಲದಿಂದ ಬಸ್ಸುಗಳಿರುತ್ತವೆ. ಸಿದ್ದಪ್ಪಾಜಿಯ ಗದ್ದುಗೆ ಇರುವ ಅಲ್ಲಿ ಐದು ದಿನದ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ: ಬಿದಿರಿನ ಕಟ್ಟಿಗೆ ಬಟ್ಟೆ ಸುತ್ತಿ ಹಚ್ಚುವ ಜ್ಯೋತಿ ಅದು. ಉರಿ ವಾಲಿದ ದಿಕ್ಕಿಗೆ ಆ ವರ್ಷ ಮಳೆ ಬೆಳೆ ಚೆನ್ನ ಎಂದು ಜನ ನಂಬುತ್ತಾರೆ. ಆಮೇಲೆ ದೊಡ್ಡವರ ಸೇವೆ, ಮುಡಿಸೇವೆ, ಪಂಕ್ತಿಸೇವೆ, ಮುತ್ತತ್ತಿರಾಯನ ಸೇವೆ. ಹೊಲಗಳ ತುಂಬ ಬಿಡಾರಗಳು. ರಾತ್ರಿಯಾದರೆ ಒಂದು ಬಿಡಾರದ ಬೆಂಕಿಯ ಬಳಿ ಒಂದು ತಂಬೂರಿ, ಅದರಾಚೆಯ ಬಿಡಾರದಲ್ಲಿ ಇನ್ನೊಂದು. ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋದ ಸಿದ್ದಪ್ಪಾಜಿ ಪಟ್ಟ ಪಾಡನ್ನು ಅವನ ಗದ್ದುಗೆಯ ಸನಿಹದಲ್ಲಿ ಕೇಳುವುದಕ್ಕೂ ವೇದಿಕೆಯ ಹತ್ತು ನಿಮಿಷದ ಕಾರ್ಯಕ್ರಮದಲ್ಲಿ ಕೇಳುವುದಕ್ಕೂ ಅಜಗಜಾಂತರ. ಮಾದೇಶ್ವರನ ಬೆಟ್ಟಕ್ಕಾದರೆ ದೀಪಾವಳಿ, ಶಿವರಾತ್ರಿ, ಯುಗಾದಿ ಜಾತ್ರೆಗಳು. ಶಿವರಾತ್ರಿಗೆ ತಾಳಬೆಟ್ಟದಿಂದ ನಡೆದು ಹತ್ತುವ ಜನರ ಜೊತೆ ಹೆಜ್ಜೆ ಹಾಕಿದರೆ ಹಾಡು ದಾರಿಯುದ್ದಕ್ಕೂ ಸಿಗುತ್ತದೆ. ಕಾಲಿನ ದಣಿವಿಗೂ ಪದದ ಲಯಕ್ಕೂ ಇರುವ ನಂಟು ಅಲ್ಲಿ ಗೊತ್ತಾಗುತ್ತದೆ.

ಕೇಳಲು ಕೂತಾಗ ಫೋನು ಒಳಗಿರಲಿ. ಮುದ್ರಿಸಿಕೊಳ್ಳಬೇಕಿದ್ದರೆ ಮೊದಲೇ ಕೇಳಿ, ಕಾಣಿಕೆ ಕೊಟ್ಟು ಮುದ್ರಿಸಿಕೊಳ್ಳಿ. ಕೆಳಗೆ ಕೂರಿ. ಗಣಪತಿ, ಶಾರದೆ, ಗುರುವಿನ ಸ್ತುತಿ ನಡೆಯುವಾಗ ಬೇಸರಪಡಬೇಡಿ. ಮೇಳದವರು ಊರಿನ ಜನವನ್ನು ಅಳೆದುಕೊಳ್ಳುವುದು ಆಗಲೇ. ನಡುರಾತ್ರಿ ದಾಟಿದ ಮೇಲೆ ದನಿ ಒಡೆಯುತ್ತದೆ. ಹಾಗೆ ಒಡೆದ ದನಿಯಲ್ಲೇ ಕಥೆ ಬಿಚ್ಚಿಕೊಳ್ಳುತ್ತದೆ.

ಪುಣಜನೂರಿನ ಕಾಡಿನೊಳಗೆ, ಬೇಡಗುಳಿಯ ಕಡೆಯ ಸೋಲಿಗರ ಪೋಡುಗಳಲ್ಲಿ, ಅಂದರೆ ಅವರ ಕಾಡಿನ ಕೇರಿಗಳಲ್ಲಿ, ಹಾಡಿನ ದಾರಿಯೇ ಬೇರೆ. ಅವರ ಗೋರುಕನ ಹಾಡಿನಲ್ಲಿ ಮುಮ್ಮೇಳ ಹಿಮ್ಮೇಳದ ಅಂತರ ಇಲ್ಲವೆಂದೇ ಹೇಳಬೇಕು. ರೊಟ್ಟಿಹಬ್ಬದ ರಾತ್ರಿ ಹೆಣ್ಣು ಗಂಡು ಸುತ್ತುಗಟ್ಟಿ ಕುಣಿಯುತ್ತಾರೆ, ಒಬ್ಬರು ಎತ್ತಿದ್ದನ್ನು ಎಲ್ಲರೂ ಹೇಳುತ್ತಾರೆ. ಕಾಡಿನ ಪ್ರಾಣಿ, ಹಕ್ಕಿ, ಗಿಡ, ದೇವರು ಎಲ್ಲವೂ ಆ ಹಾಡಿಗೆ ಬರುತ್ತವೆ. ಇದು ಬೇಡಿಕೆಯ ಮೇಲೆ ನೋಡುವ ಪ್ರದರ್ಶನ ಅಲ್ಲ. ಪೋಡಿನವರು ಕರೆದರೆ ಹೋಗಬೇಕು, ಅರಣ್ಯ ಇಲಾಖೆಯ ನಿಯಮ ಮೀರದೆ ಹೋಗಬೇಕು.

ನನಗಿರುವ ಆತಂಕ ಒಂದು. ಬೀಸು ಕಂಸಾಳೆ ಶಾಲಾ ವಾರ್ಷಿಕೋತ್ಸವಗಳಿಗೆ, ದಸರಾ ಮೆರವಣಿಗೆಗೆ ಚೆನ್ನಾಗಿ ಒಗ್ಗಿದೆ. ಹುಡುಗರು ಮಂಡಿಯೂರಿ, ಬೆನ್ನು ಬಗ್ಗಿಸಿ, ತಾಳವನ್ನು ಬೀಸಿ ಹಿಡಿಯುವ ಚಳಕ ಕಣ್ಣಿಗೆ ಹಬ್ಬವೇ. ಆದರೆ ಕುಣಿತ ಕಲಿತ ಮಕ್ಕಳಲ್ಲಿ ಒಂದು ಸಾಲನ್ನು ಮೊದಲಿಂದ ಕೊನೆಯವರೆಗೆ ಹಾಡಬಲ್ಲವರು ಎಷ್ಟು ಮಂದಿ? ಕಥೆ ಕಲಿಯಲು ರಾತ್ರಿಗಳು ಬೇಕು, ಗುರು ಬೇಕು, ಕೇಳುವ ಮನೆಗಳು ಬೇಕು. ಮೊದಲಿನ ಎರಡನ್ನು ಅಕಾಡೆಮಿಗಳು ಶಿಬಿರ ಮಾಡಿ, ಗೌರವಧನ ಕೊಟ್ಟು ಒದಗಿಸಬಹುದು. ಮೂರನೆಯದು ನಮ್ಮ ಕೈಯಲ್ಲಿದೆ. ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಆರ್ಕೆಸ್ಟ್ರಾ ಕರೆಸುವ ದುಡ್ಡಿನಲ್ಲಿ ಒಂದು ಮೇಳ ಕರೆಸಿ ಕಥೆ ಮಾಡಿಸಬಹುದು. ಚಾಮರಾಜನಗರ, ಕೊಳ್ಳೇಗಾಲ, ಮಳವಳ್ಳಿ, ನಂಜನಗೂಡು, ಎಲ್ಲಿ ವಿಚಾರಿಸಿದರೂ ಯಾರಾದರೊಬ್ಬರು ನೀಲಗಾರರ, ಗುಡ್ಡರ ಮನೆಯ ದಾರಿ ತೋರಿಸುತ್ತಾರೆ. ಯಾವ ಸಾಲು ಬೇಕೆಂದು ಮೊದಲೇ ಹೇಳಿ, ಊಟಕ್ಕೆ, ಹೋಗಿಬರುವ ಖರ್ಚಿಗೆ ಕೊರತೆ ಮಾಡದೆ, ಹೂಂಗುಟ್ಟಲು ಬರುವ ನೆಂಟರನ್ನೂ ಅಕ್ಕಪಕ್ಕದವರನ್ನೂ ಕರೆಯಿರಿ.