ಇಕ್ಕಟ್ಟು: ಒಂದು ಪದವಿಚಾರ

ಜನರೂ ವಾಹನಗಳೂ ಒತ್ತಾಗಿ ಸೇರಿ ಸಂಚಾರವು ನಿಂತುಹೋಗುವುದು ಮುಂಬಯಿವಾಸಿಗಳಿಗೆ ನಿತ್ಯಾನುಭವ. ಇದನ್ನು ಸೂಚಿಸುವ ಕನ್ನಡ ಪದಗಳು ಹಲವು. ಅವು ಪರ್ಯಾಯಪದಗಳಂತೆ ತೋರಿದರೂ ಅರ್ಥದಲ್ಲಿ ಒಂದೇ ಅಲ್ಲ.

‘ದಟ್ಟಣೆ’, ‘ಸಂದಣಿ’ ಎಂಬುವು ಸೇರಿದವರ ಬಾಹುಳ್ಯವನ್ನು ಹೇಳುತ್ತವೆ. ‘ನೂಕುನುಗ್ಗಲು’ ಎಂಬಲ್ಲಿ ನೂಕು, ನುಗ್ಗು ಎಂಬ ಎರಡು ಕ್ರಿಯೆಗಳಿದ್ದು, ಎರಡಕ್ಕೂ ಕರ್ತೃಗಳು ಜನರೇ. ‘ಇಕ್ಕಟ್ಟು’ ಮಾತ್ರ ಸ್ಥಳದ ಗುಣವನ್ನು ಹೇಳುವ ಪದ. ಇಕ್ಕೆಲ, ಇಕ್ಕಡಿ ಎಂಬುವುಗಳಲ್ಲಿ ಇರ್ ಎಂಬುದು ಮುಂದಿನ ಕಕಾರದೊಡನೆ ಬೆರೆತಿರುವಂತೆ, ಇದನ್ನೂ ಇರ್+ಕಟ್ಟು ಎಂದು ಬಿಡಿಸಬಹುದು. ಎರಡು ಕಡೆಯಿಂದಲೂ ಕಟ್ಟುಂಟಾದ ಎಡೆಯೆಂದು ಆಗ ಅರ್ಥವಾಗುತ್ತದೆ. ಸ್ಥಳದ ಇಕ್ಕಟ್ಟೇ ಬಾಳಿನ ಇಕ್ಕಟ್ಟೂ ಆಯಿತು. ತಮಿಳಿನ ‘ಇಕ್ಕಟ್ಟು’ ಪದಕ್ಕೂ ತೊಂದರೆಯೆಂಬ ಅರ್ಥವಿದೆ. ಸಂಸ್ಕೃತದ ‘ಸಂಕಟ’ವಾದರೂ ಕಿರಿದಾದ ದಾರಿಯೆಂಬ ಅರ್ಥವುಳ್ಳದ್ದೇ, ದುಃಖವೆಂಬುದು ಅದರಿಂದ ಬೆಳೆದ ಅರ್ಥ.

ನಮ್ಮ ನೆರೆಯ ಮರಾಠಿಯು ಈ ಭೇದವನ್ನು ಚೆನ್ನಾಗಿ ಕಾಯ್ದುಕೊಂಡಿದೆ. ಜನರು ಹೆಚ್ಚಿದರೆ ‘ಗರ್ದಿ’, ದಾರಿ ಕಟ್ಟಿದರೆ ‘ಕೋಂಡಿ’. ಎರಡನೆಯದು ಕೂಡಿಹಾಕು ಎಂಬರ್ಥದ ‘ಕೋಂಡಣೇ’ ಕ್ರಿಯಾಪದಕ್ಕೆ ಸೇರಿದ್ದು. ದನಗಳನ್ನು ಕೂಡುವ ದೊಡ್ಡಿಗೆ ಉತ್ತರ ಕರ್ನಾಟಕದವರು ಹೇಳುವ ‘ಕೊಂಡವಾಡ’ವೂ ಇದೇ ಬಳಗದ್ದು. ಇಲ್ಲಿಯ ಕನ್ನಡಿಗರು ‘ಗರ್ದಿ’ಯನ್ನು ನಿಸ್ಸಂಕೋಚವಾಗಿ ಮನೆಮಾತಿಗೆ ತಂದುಕೊಂಡರು, ‘ಕೋಂಡಿ’ಯನ್ನು ಅಷ್ಟಾಗಿ ತರಲಿಲ್ಲ.

ಈ ಭೇದವು ಕೇವಲ ನಿಘಂಟುಕಾರರ ಕುತೂಹಲವಲ್ಲ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆ ಸುರಿಯುತ್ತಿದ್ದಾಗ, ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯ ಕಿರಿದಾದ ಮೆಟ್ಟಿಲುಗಳಲ್ಲಿ 23 ಜನರು ಮಡಿದರು. ಆ ನಿಲ್ದಾಣಕ್ಕೆ 2018ರಲ್ಲಿ ಪ್ರಭಾದೇವಿಯೆಂದು ಹೆಸರಾಯಿತು. ಇಂಥ ದುರಂತಗಳನ್ನು ನಾವು ‘ನೂಕುನುಗ್ಗಲು’, ‘ಕಾಲ್ತುಳಿತ’ ಎನ್ನುತ್ತೇವೆ. ಆದರೆ ಇಂಥಲ್ಲಿ ಬಹುಮಂದಿ ಸಾಯುವುದು ತುಳಿತದಿಂದಲ್ಲ, ಎದೆ ಅದುಮಿ ಉಸಿರುಕಟ್ಟುವುದರಿಂದ. ನಿಂತಲ್ಲಿಯೇ ಸಾಯುವವರೂ ಉಂಟು. ನೂಕಿದವರು ಯಾರು, ನುಗ್ಗಿದವರು ಯಾರು? ಹಿಂದಿನವನಿಗೆ ಮುಂದಿನ ದಾರಿ ಕಟ್ಟಿರುವುದು ಕಾಣದು. ಮುಂದಿನವನಿಗೆ ಸರಿಯಲು ಎಡೆಯಿರದು. ‘ನೂಕುನುಗ್ಗಲು’ ಎಂದೊಡನೆ ಅಪರಾಧವು ಸತ್ತವರ ಮೇಲೆಯೇ ಬೀಳುತ್ತದೆ. ‘ಇಕ್ಕಟ್ಟು’ ಎಂದರೆ ಮೆಟ್ಟಿಲಿನ ಅಗಲವನ್ನು ಅಳೆಯಬೇಕಾಗುತ್ತದೆ, ಅದನ್ನು ಕಟ್ಟಿಸಿದವರು ಉತ್ತರ ಹೇಳಬೇಕಾಗುತ್ತದೆ. ಅಲ್ಲಿ ಸೈನ್ಯದವರು ಕಟ್ಟಿದ ಹೊಸ ಸೇತುವೆ 2018ರ ಫೆಬ್ರವರಿಯಲ್ಲಿ ತೆರೆಯಿತು. ಬದಲಾದುದು ಜನರ ಸ್ವಭಾವವಲ್ಲ, ದಾರಿ.

ಆದುದರಿಂದ ಜನ ಹೆಚ್ಚಿದಾಗ ಸಂದಣಿಯೆನ್ನೋಣ. ಎಡೆ ಸಾಲದಾದಾಗ ಇಕ್ಕಟ್ಟೆನ್ನೋಣ. ಎರಡನ್ನೂ ಒಂದೇ ಮಾತಿನಲ್ಲಿ ಮುಚ್ಚಿದರೆ ಪರಿಹಾರದ ದಾರಿಯೂ ಕಟ್ಟಿಹೋಗುತ್ತದೆ.